ಗಲ್ಲಿಗೇರಿದ ರಾಜ, ಶಾಲೆ ಬಾಗಿಲಲ್ಲಿ ನಿಂತ ಹುಡುಗ



ಜೂನ್ 12 ಹತ್ತಿರ ಬಂತಂದ್ರೆ ನಮ್ಮ ಕಡೆ ನರಗುಂದದ ಬಾಬಾಸಾಹೇಬರ ಚಿತ್ರ ಎಲ್ಲರ ಮೊಬೈಲಿನಲ್ಲೂ ಹರಿದಾಡುತ್ತೆ. 1858ರಲ್ಲಿ ಅದೇ ದಿನ ಕಂಪನಿ ಸರ್ಕಾರ ಅವರನ್ನ ಬೆಳಗಾವಿಯಲ್ಲಿ ಗಲ್ಲಿಗೇರಿಸಿತು. ಹೋದ ತಿಂಗಳು ಹಾನಗಲ್ಲಿನಲ್ಲಿ ನಮ್ಮ ಓದಿನ ಬಳಗ ಕೂಡಿದಾಗ ಹಿರೇಕೆರೂರಿನ ಕಡೆಯ ಒಬ್ಬ ಪಿಯುಸಿ ಹುಡುಗ ಎದ್ದು ನಿಂತು, "ಅಣ್ಣಾರ, ನಮಗ ಒಬ್ಬರು ಬಾಬಾಸಾಹೇಬರು ಅದಾರ. ಈ ನರಗುಂದದ ಬಾಬಾಸಾಹೇಬ ನಮಗೇನಾಗ್ಬೇಕ್ರಿ?" ಅಂತ ಕೇಳಿದ. ಕೆಲವರು ನಕ್ಕರು. ಪ್ರಶ್ನೆ ಮಾತ್ರ ನಗೋವಂಥದ್ದಲ್ಲ. ಅಲ್ಲಿ ಹತ್ತು ನಿಮಿಷದಲ್ಲಿ ಹೇಳಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ.

ಮೊದಲು ಕಥೆ. ಅವರ ಹೆಸರು ಭಾಸ್ಕರರಾವ್ ಭಾವೆ. ಬ್ರಾಹ್ಮಣ ಮನೆತನ, ಪೇಶ್ವೆ ಕಾಲದಿಂದ ನರಗುಂದ ಆಳಿದವರು. ಈ ಮನೆತನಕ್ಕೆ ಏಟು ಬಿದ್ದದ್ದು ಅದೇ ಮೊದಲಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಕೋಟೆ ಹಿಡಿದು ಅಲ್ಲಿನ ವೆಂಕಟರಾವ್ ಭಾವೆಯನ್ನ ಕಬ್ಬಾಳದುರ್ಗದ ಸೆರೆಗೆ ಕಳಿಸಿತ್ತು. ಮರುವರ್ಷ ನಮ್ಮ ಸವಣೂರಿನ ನವಾಬರ ಸರದಿ. ಇರಲಿ, ಟಿಪ್ಪು ಬಗ್ಗೆ ಜಗಳ ಆಡೋಕೆ ಬೇರೆ ದಿನ ಇದೆ.

ಭಾಸ್ಕರರಾಯರಿಗೆ ಮಕ್ಕಳು ಉಳೀಲಿಲ್ಲ. ದತ್ತು ತಗೊಳ್ಳೋಕೆ ಅನುಮತಿ ಕೇಳಿದರು. ಕಂಪನಿ ಆಗೋದಿಲ್ಲ ಅಂತು. 1824ರಲ್ಲಿ ಕಿತ್ತೂರಿಗೆ ಮಾಡಿದ್ದು ಅದನ್ನೇ, 1848ರಲ್ಲಿ ಸಾತಾರಕ್ಕೆ ಮಾಡಿದ್ದೂ ಅದನ್ನೇ, ಆಮೇಲೆ ಝಾನ್ಸಿಗೆ ಮಾಡಿದ್ದೂ ಅದನ್ನೇ. ವಾರಸುದಾರ ಇಲ್ಲ ಅಂದ್ರೆ ಸಂಸ್ಥಾನ ಕಂಪನಿದು. ಮೇಲೆ 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಾಯ್ದೆ ಬಂತು. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯರು ಬಂಡೆದ್ದರು, ಹಮ್ಮಿಗಿ ಕೆಂಚನಗೌಡರು ಅವರ ಜೊತೆ ಸೇರಿದರು. ನರಗುಂದವೂ ಎದ್ದಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಮೇಲೆ ನರಗುಂದದವರು ಬಿದ್ದು ಕೊಂದರು, ತಲೆ ತಂದು ಊರಬಾಗಿಲಿಗೆ ನೇತುಹಾಕಿದರು. ನಾಲ್ಕೇ ದಿನದಲ್ಲಿ ಕರ್ನಲ್ ಮಾಲ್ಕಮ್‌ನ ಸೈನ್ಯ ಊರು, ಕೋಟೆ ಎರಡೂ ಹಿಡೀತು. ತಪ್ಪಿಸಿಕೊಂಡ ರಾಜರನ್ನ ತೊರಗಲ್ಲಿನ ಕಾಡಲ್ಲಿ ಹಿಡಿದರು. ಅವರ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಮ್ಯಾನ್ಸನ್ ಸತ್ತ ಹದಿನಾಲ್ಕನೇ ದಿನಕ್ಕೆ ರಾಜರಿಗೆ ಗಲ್ಲು. ಮ್ಯಾನ್ಸನ್‌ನನ್ನ ಕರೆದು ಸತ್ಕರಿಸಿದ್ದ ರಾಮದುರ್ಗದ ಸಂಸ್ಥಾನಿಕ ಈ ರಾಜರ ಮಲತಮ್ಮನೇ. ಕಂಪನಿ ಪರ ನಿಂತದ್ದಕ್ಕೆ ಆ ಸಂಸ್ಥಾನ 1948ರವರೆಗೂ ಉಳೀತು.

ಆ ಗಲ್ಲು ಅನ್ಯಾಯವೇ. ಊರು ಕಸಿದುಕೊಂಡವನೇ ನ್ಯಾಯಾಧೀಶನಾಗಿ ಕೂತು, ಎರಡು ವಾರದೊಳಗೆ ಹಿಡಿದು, ವಿಚಾರಣೆ ಮುಗಿಸಿ, ನೇಣು ಹಾಕೋದು ನ್ಯಾಯ ಅಲ್ಲ. ಬ್ರಾಹ್ಮಣ ರಾಜ ಅಂತ ನಾನು ಈ ಮಾತನ್ನ ನುಂಗೋದಿಲ್ಲ. ಆದ್ರೆ ಅನ್ಯಾಯವಾಗಿ ಸತ್ತವರೆಲ್ಲ ನಮ್ಮ ಬಿಡುಗಡೆಗೆ ಸತ್ತವರಲ್ಲ. ಗೆಳೆಯರು ಬಹಳ ಜನ ಎಡವೋದು ಇಲ್ಲೇ. ಅವರು ಕೇಳಿದ್ದು ಏನು? ತನ್ನ ಗಾದಿಗೆ ಒಬ್ಬ ಮಗ. ಮನುಷ್ಯನಾಗಿ ಆ ದುಃಖ ನನಗೂ ತಿಳಿಯುತ್ತೆ. ಆದ್ರೆ ಆ ಗಾದಿ ಉಳಿದಿದ್ರೆ ನರಗುಂದದ ನಮ್ಮ ಕೇರಿ ಊರೊಳಗೆ ಬರ್ತಿತ್ತಾ?

ಈಗ ಅದೇ ಕಾಲದ ಇನ್ನೊಂದು ಅರ್ಜಿ ನೋಡಿ. ಆಗ ಹಾವೇರಿ ಜಿಲ್ಲೆ ಅಂತ ಇರಲಿಲ್ಲ, ಅದು ಆದದ್ದು 1997ರಲ್ಲಿ. ಹಾನಗಲ್ಲು, ಶಿಗ್ಗಾಂವಿಯನ್ನ ಕೇಂದ್ರ ಮಾಡಿಕೊಂಡ ಬಂಕಾಪುರ ತಾಲೂಕು, ಹಿರೇಕೆರೂರನ್ನ ಕೇಂದ್ರ ಮಾಡಿಕೊಂಡ ಕೋಡ ತಾಲೂಕು ಎಲ್ಲವೂ ಧಾರವಾಡ ಜಿಲ್ಲೆಯವೇ. ಸವಣೂರು ಮಾತ್ರ ನವಾಬರದ್ದು. ಆ ಧಾರವಾಡದಲ್ಲಿ 1856ರ ಜೂನ್‌ನಲ್ಲಿ, ಅಂದ್ರೆ ರಾಜರ ಗಲ್ಲಿಗೆ ಎರಡು ವರ್ಷ ಮೊದಲು, ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಬಂದ. ಸೇರಿಸಲಿಲ್ಲ. ಅರ್ಜಿ ಮುಂಬೈ ಸರ್ಕಾರದವರೆಗೂ ಹೋಯ್ತು. ಜುಲೈ 21ಕ್ಕೆ ಠರಾವು ಬಂತು. ಅದರ ತಿರುಳು ಇಷ್ಟು: ನ್ಯಾಯ ಅರ್ಜಿದಾರನ ಕಡೆಗೇ ಇದೆ, ಆದರೆ ಎಷ್ಟೋ ಕಾಲದಿಂದ ಬಂದ ನಂಬಿಕೆಗೆ ಒಬ್ಬಿಬ್ಬರ ಸಲುವಾಗಿ ಕೈಹಾಕಿದ್ರೆ ಶಿಕ್ಷಣದ ಕೆಲಸಕ್ಕೇ ಪೆಟ್ಟು ಬೀಳುತ್ತೆ.

ನಾನು ಗುಮಾಸ್ತ. ದಿನಾ ಕಡತದ ಭಾಷೆಯಲ್ಲೇ ಬದುಕೋನು. "ಮನವಿ ನ್ಯಾಯಯುತವಾಗಿದ್ದರೂ" ಅಂತ ಒಂದು ಸಾಲು ಶುರುವಾದ್ರೆ ಅದು ಎಲ್ಲಿಗೆ ಹೋಗಿ ಮುಗಿಯುತ್ತೆ ಅಂತ ನನಗೆ ಪೂರ್ತಿ ಓದದೇ ಗೊತ್ತಾಗುತ್ತೆ. ಆ ಠರಾವನ್ನ ಮೊದಲ ಸಲ ಓದಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಪರಿಚಯದವರು ಸಿಕ್ಕಹಾಗಾಯ್ತು. ನಮ್ಮ ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಕೊಟ್ಟ ಶಿಕ್ಷಣದ ಹೇಳಿಕೆಯಲ್ಲಿ ಈ ಹುಡುಗನ ಪ್ರಕರಣವನ್ನ ಎತ್ತಿ ಮುಂದಿಟ್ಟಿದ್ದಾರೆ. ಎಪ್ಪತ್ತೆರಡು ವರ್ಷ ಆದಮೇಲೂ ಅವರು ಅದನ್ನ ಬಿಡಲಿಲ್ಲ.

ಎರಡು ಅರ್ಜಿ. ಒಂದು ಗಾದಿಗೆ ಮಗ ಬೇಕು ಅಂತ, ಇನ್ನೊಂದು ಬೆಂಚಿನ ಮೇಲೆ ಜಾಗ ಬೇಕು ಅಂತ. ಎರಡನ್ನೂ ತಿರಸ್ಕರಿಸಿದ್ದು ಅದೇ ಮುಂಬೈ ಸರ್ಕಾರ. ಹಾಗಾದ್ರೆ ರಾಜ, ಹುಡುಗ ಇಬ್ಬರೂ ಒಂದೇ ದೋಣಿಯವರು, ಇಬ್ಬರ ಶತ್ರುವೂ ಇಂಗ್ಲಿಷರೇ ಅಂತ ನಮಗೆ ಪಾಠ ಹೇಳೋರಿದ್ದಾರೆ. ಅವಸರ ಮಾಡಬೇಡಿ. ಮುಂದೆ ಏನಾಯ್ತು ನೋಡಿ.

1858ರ ನವೆಂಬರ್ 1ಕ್ಕೆ ವಿಕ್ಟೋರಿಯಾ ರಾಣಿಯ ಘೋಷಣೆ ಬಂತು. ಅದರಲ್ಲಿ ಸಂಸ್ಥಾನಿಕರ ಹಕ್ಕು, ಮಾನ, ಘನತೆಗೆ ಧಕ್ಕೆ ತರೋದಿಲ್ಲ ಅಂದರು. 1862ರಲ್ಲಿ ಕ್ಯಾನಿಂಗ್ ರಾಜರುಗಳಿಗೆಲ್ಲ ದತ್ತಕದ ಸನದು ಕೊಟ್ಟ. ನರಗುಂದದ ರಾಜ ಯಾವುದಕ್ಕೆ ಕುತ್ತಿಗೆ ಕೊಟ್ಟರೋ ಅದು ಬೇರೆ ರಾಜರಿಗೆಲ್ಲ ನಾಲ್ಕೇ ವರ್ಷದಲ್ಲಿ ಸಿಕ್ಕಿತು. ಸೋತು ಸತ್ತ ರಾಜನ ಬೇಡಿಕೆ ಗೆದ್ದಿತು! ಅದೇ ಘೋಷಣೆ ನಿಮ್ಮ ಧರ್ಮಕ್ಕೆ ಕೈಹಾಕೋದಿಲ್ಲ, ಹಿಂದಿನಿಂದ ಬಂದ ರೂಢಿಯನ್ನ ಗೌರವಿಸ್ತೀವಿ ಅಂತಲೂ ಮಾತು ಕೊಟ್ಟಿತು. ಜನಾಂಗ, ಮತ ನೋಡದೆ ನೌಕರಿ ಕೊಡ್ತೀವಿ ಅನ್ನೋ ಸಾಲೂ ಅದರಲ್ಲಿತ್ತು, ಹೇಳದೆ ಬಿಡಬಾರದು. ಆದ್ರೆ ಆ "ರೂಢಿ" ಅನ್ನೋ ಪದದೊಳಗೆ ಶಾಲೆಯ ಬಾಗಿಲು ಇತ್ತು, ಊರ ಬಾವಿ ಇತ್ತು, ಗುಡಿ ಇತ್ತು. ಬಂಡಾಯಕ್ಕೆ ಹೆದರಿದ ಇಂಗ್ಲಿಷರು ಮೇಲಿನವರ ಜೊತೆ ರಾಜಿ ಮಾಡಿಕೊಂಡರು. ಆ ರಾಜಿಯ ಬೆಲೆಯನ್ನ ತೆತ್ತವರು ಕೇರಿಯವರು. ಕೋರೆಗಾಂವದಲ್ಲಿ ಇವರ ಪರ ಹೋರಾಡಿ ಸತ್ತ ಮಹಾರರನ್ನೇ 1890ರ ದಶಕದಲ್ಲಿ ಸೈನ್ಯದ ಭರ್ತಿಯಿಂದ ಕೈಬಿಟ್ಟರು ಅನ್ನೋದನ್ನೂ ನೆನಪಿಡಿ. ಇಂಗ್ಲಿಷರು ನಮ್ಮನ್ನ ಉದ್ಧಾರ ಮಾಡೋಕೆ ಬಂದವರು ಅನ್ನೋ ಗೆಳೆಯರಿಗೂ ಇದೇ ಉತ್ತರ.

ಹಾಗಂತ ಆ ಬಂಡಾಯದಲ್ಲಿ ನಮಗೆ ಹತ್ತಿರದವರು ಯಾರೂ ಇಲ್ಲ ಅಂತಲ್ಲ. ನನ್ನ ಲೆಕ್ಕದಲ್ಲಿ ಹಲಗಲಿ ಬೇಡರು ಇದ್ದಾರೆ. 1857ರ ನವೆಂಬರ್‌ನಲ್ಲಿ ಆಯುಧ ಕೊಡೋದಿಲ್ಲ ಅಂತ ನಿಂತರು. ಅವರಿಗೆ ಗಾದಿ ಇರಲಿಲ್ಲ, ಸನದು ಇರಲಿಲ್ಲ. ಆ ಆಯುಧ ಅವರ ಬೇಟೆ, ಅವರ ಅನ್ನ, ಅವರ ಮರ್ಯಾದೆ. ಊರಿಗೆ ಬೆಂಕಿ ಹಚ್ಚಿದರು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಜನರನ್ನ, 14ಕ್ಕೆ ಹಲಗಲಿಯಲ್ಲೇ 6 ಜನರನ್ನ ಗಲ್ಲಿಗೆ ಹಾಕಿದರು. ಆರು ತಿಂಗಳ ಮೇಲೆ ಬೆಳಗಾವಿಯಲ್ಲಿ ಹಾಕಿದ ಹಗ್ಗವೂ ಇದೇ ಸರ್ಕಾರದ್ದು. ಬೇಡರನ್ನ ಉಳಿಸಿದ್ದು ಲಾವಣಿ ಹಾಡೋ ಜನ. ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿ ಆ ಲಾವಣಿ ಬರೆದು ಅಚ್ಚು ಹಾಕಿಸಿದ್ದರಿಂದ ಅದು ನಮ್ಮ ಕೈಗೆ ಬಂತು. ಇತಿಹಾಸದ ತಮಾಷೆ ನೋಡಿ.

ಸಂಸ್ಥಾನ ಉಳಿದ ಊರಲ್ಲಿ ಏನಾಯ್ತು ಅನ್ನೋದಕ್ಕೆ ಸವಣೂರು ಇದೆ. ನವಾಬರು ಬಂಡೇಳಲಿಲ್ಲ, ಗಾದಿ 1948ರವರೆಗೆ ನಡೀತು. ಆ ಊರಲ್ಲಿ ತಲೆಮಾರಿನಿಂದ ಮಲ ಹೊತ್ತ ಭಂಗಿ ಕುಟುಂಬಗಳು 2010ರ ಜುಲೈ 20ರಂದು, ಇದ್ದ ಮನೆಯಿಂದ ಎಬ್ಬಿಸ್ತಾರೆ ಅನ್ನೋವಾಗ, ಪುರಸಭೆ ಮುಂದೆ ತಮ್ಮ ಮೈಮೇಲೇ ಮಲ ಸುರಿದುಕೊಂಡವು. ಒಬ್ಬ ರಾಜ ಗಲ್ಲಿಗೆ ಹೋದ ಊರು ಒಂದು, ನವಾಬ ಸುಖವಾಗಿ ಬಾಳಿದ ಊರು ಒಂದು. ಕೇರಿಯ ಲೆಕ್ಕದಲ್ಲಿ ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಹಿರೇಕೆರೂರಿನ ಆ ಹುಡುಗನಿಗೆ ನಾನೇ ತಿರುಗಿ ಕೇಳಿದೆ.

ಅವನಿಗೆ ಹೇಳಿದ ಉತ್ತರ ಇದು. ನರಗುಂದದ ಬಾಬಾಸಾಹೇಬರ ಪ್ರತಿಮೆಗೆ ಹಾರ ಹಾಕೋರು ಹಾಕಲಿ, ನಾವು ಅಡ್ಡ ಬರೋದು ಬೇಡ. ಅವರನ್ನ ಬೈಯೋದೂ ಬೇಡ, ಧೈರ್ಯ ಇದ್ದ ಮನುಷ್ಯ, ಬೆಲೆ ಕೊಟ್ಟ ಮನುಷ್ಯ. ಆದ್ರೆ ಅವರನ್ನ "ನಮ್ಮ ಸ್ವಾತಂತ್ರ್ಯದ ರಾಜ" ಅಂತ ಹೇಳಿ ಅಂದ್ರೆ, ಧಾರವಾಡದ ಶಾಲೆ ಬಾಗಿಲಲ್ಲಿ ನಿಂತ ಹುಡುಗನ ಕಥೆಯನ್ನೂ ಅದೇ ವೇದಿಕೆ ಮೇಲೆ ಹೇಳೋಕೆ ಬಿಡ್ತೀರಾ ಅಂತ ಕೇಳೋಣ. ಬಿಟ್ಟರೆ ನಾನೇ ಬಂದು ಮಾತಾಡ್ತೀನಿ.

ಈ ಜೂನ್ 12ರ ಸಂಜೆ ಸವಣೂರಿನಲ್ಲಿ ಕೂಡೋಣ ಅಂತಿದ್ದೀವಿ. 1928ರ ಹೇಳಿಕೆಯ ಆ ಭಾಗವನ್ನ ಕನ್ನಡದಲ್ಲಿ ಓದ್ತೀವಿ, ಹಲಗಲಿ ಲಾವಣಿ ಹಾಡೋರು ಇದ್ರೆ ಹಾಡಲಿ. ಶಿಗ್ಗಾಂವಿ, ಹಾನಗಲ್ಲಿನವರು ಕಡೇ ಬಸ್ಸಿನ ಚಿಂತೆ ಮಾಡಬೇಡ್ರಿ, ಉಳಿಯೋಕೆ ವ್ಯವಸ್ಥೆ ಐತಿ. ಹಿರೇಕೆರೂರಿನ ತಮ್ಮಾ, ನೀನು ಬರಲೇಬೇಕು, ಆ ಠರಾವು ಓದೋದು ನಿನ್ನ ಕೆಲಸ.

ಜೈ ಭೀಮ್.