ಸಹೇಲ್: ನೆಲ ಉಳಿಸುವ ವಿದ್ಯೆ ಬೆಳೆದ ಬಗೆ

ಸಹಾರಾದ ದಕ್ಷಿಣ ಅಂಚಿಗೆ ಹಬ್ಬಿರುವ ಸಹೇಲ್ ಪಟ್ಟಿಯನ್ನು 1968ರಿಂದ 1973ರವರೆಗೆ ಭೀಕರ ಬರ ಕಾಡಿತು. ಭೂಮಿ ಬರಡಾಗುವುದು ಜಗತ್ತಿನ ಚಿಂತೆಯಾದದ್ದು ಆಮೇಲೆಯೇ. 1977ರಲ್ಲಿ ವಿಶ್ವಸಂಸ್ಥೆ ನೈರೋಬಿಯಲ್ಲಿ ಇದಕ್ಕೆಂದೇ ಸಮ್ಮೇಳನ ಕರೆಯಿತು. ಹವಾಮಾನ ಬದಲಾವಣೆಯ ಮಾತು ಆಗಿನ್ನೂ ಜನರ ಬಾಯಿಗೆ ಬಂದಿರಲಿಲ್ಲ. ಆದರೆ ಇವತ್ತು ಅದಕ್ಕೆ ಉತ್ತರವೆನ್ನುವ ಸುಸ್ಥಿರ ಭೂ ನಿರ್ವಹಣೆಯ ದೊಡ್ಡ ಪಾಠಗಳು ಸಿಕ್ಕಿದ್ದು ಈ ಬಡ ದೇಶಗಳ ಹೊಲಗಳಲ್ಲೇ.

ಮೊದಲ ಪಾಠ ಸೋಲಿನದು. ಈಗಿನ ಬುರ್ಕಿನಾ ಫಾಸೊದ ಯಾತೆಂಗಾ ಸೀಮೆಯಲ್ಲಿ 1960ರ ದಶಕದ ಆರಂಭದಲ್ಲಿ ಬುಲ್ಡೋಜರ್ ತಂದು ಹೊಲಹೊಲಕ್ಕೂ ಮಣ್ಣಿನ ಒಡ್ಡು ಹಾಕಿದರು. ರೈತರನ್ನು ಯಾರೂ ಕೇಳಿರಲಿಲ್ಲ. ಒಡ್ಡು ಒಡೆದಾಗ ರಿಪೇರಿಗೆ ಅವರೂ ಬರಲಿಲ್ಲ. ನೈಜರ್‌ನಲ್ಲಿ ನರ್ಸರಿಯಿಂದ ತಂದು ನೆಟ್ಟ ಸಸಿಗಳು ಬಹುಪಾಲು ಒಣಗಿದವು.

1980ರ ಆಸುಪಾಸಿನಲ್ಲಿ ದಿಕ್ಕು ಬದಲಾಯಿತು. ನೆರವು ಸಂಸ್ಥೆ ಆಕ್ಸ್‌ಫ್ಯಾಮ್ 1979ರಲ್ಲಿ ಯಾತೆಂಗಾದಲ್ಲಿ ಶುರು ಮಾಡಿದ ಯೋಜನೆಯಲ್ಲಿ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡಲು ರೈತರು ಕಲಿತರು. ಓದುಬರಹ ಬಾರದವರೂ ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಗೆರೆ ಹಿಡಿದು ಕಲ್ಲು ಜೋಡಿಸಿದರು. ಕಲ್ಲಿನ ಸಾಲು ನೀರನ್ನು ಕಟ್ಟಿ ನಿಲ್ಲಿಸುವುದಿಲ್ಲ. ಓಟ ತಗ್ಗಿಸಿ, ಹೂಳು ಹಿಡಿದು, ಸಂದಿಯಿಂದ ದಾಟಿಸುತ್ತದೆ. ಹಾಗಾಗಿ ಕೊಚ್ಚಿಹೋಗುವ ಭಯ ಕಡಿಮೆ.

ಅದೇ ಸೀಮೆಯ ರೈತ ಯಾಕೂಬಾ ಸವಾದೋಗೊ 'ಜೈ' ಎಂಬ ಹಳೆಯ ಗುಂಡಿ ಪದ್ಧತಿಯನ್ನು ತಿದ್ದಿ ಬೆಳೆಸಿದರು. ಮಳೆಗೆ ಮುಂಚೆಯೇ ಗಟ್ಟಿ ನೆಲದಲ್ಲಿ ಗೇಣಗಲದ ಗುಂಡಿಗಳನ್ನು ತೋಡಿ ಗೊಬ್ಬರ ಹಾಕುತ್ತಾರೆ. ಗೊಬ್ಬರಕ್ಕೆ ಗೆದ್ದಲು ಬರುತ್ತದೆ, ಅದು ಕೊರೆದ ದಾರಿಯಲ್ಲಿ ನೀರು ಒಳಗಿಳಿಯುತ್ತದೆ. ಅದೇ ಗುಂಡಿಯಲ್ಲಿ ಸಜ್ಜೆ, ಜೋಳ ಏಳುತ್ತವೆ. ಗೆದ್ದಲನ್ನೇ ಬೇಸಾಯಕ್ಕೆ ದುಡಿಸಿಕೊಂಡ ಈ ಜಾಣ್ಮೆ ಯಾವ ಪ್ರಯೋಗಾಲಯದ ಸಾಧನೆಗೂ ಕಡಿಮೆಯಲ್ಲ.

ನೈಜರ್‌ನ ಮರಾದಿಯಲ್ಲಿ 1983ರ ಹೊತ್ತಿಗೆ ಆಸ್ಟ್ರೇಲಿಯಾದ ಟೋನಿ ರಿನಾಡೊ ಗಮನಿಸಿದ್ದು ಇನ್ನೂ ಸರಳ: ಹೊಲದ ಕುರುಚಲು ಪೊದೆಗಳೆಲ್ಲ ಕಡಿದ ಮರಗಳ ಜೀವಂತ ಬುಡಗಳು. ಒಳ್ಳೆಯ ಚಿಗುರುಗಳನ್ನು ಉಳಿಸಿ, ಮಿಕ್ಕವನ್ನು ಸವರಿದರೆ ಮರ ತಾನೇ ಏಳುತ್ತದೆ. ಗಾವೊ ಮರವಂತೂ ಮಳೆಗಾಲದಲ್ಲಿ ಎಲೆ ಉದುರಿಸುತ್ತದೆ; ಬೆಳೆಗೆ ನೆರಳಿನ ಕಾಟವಿಲ್ಲ, ಬೇಸಿಗೆಯಲ್ಲಿ ದನಗಳಿಗೆ ಮೇವು. ಆದರೆ ಫ್ರೆಂಚರ ಕಾಲದ ಕಾನೂನಿನ ಪ್ರಕಾರ ಹೊಲದ ಮರವೂ ಸರ್ಕಾರದ್ದು. ಆ ಬಿಗಿ ಸಡಿಲವಾದ ಮೇಲೆಯೇ ರೈತರು ಚಿಗುರು ಕಾಯತೊಡಗಿದರು. 2000ರ ದಶಕದಲ್ಲಿ ಸಂಶೋಧಕರು ಉಪಗ್ರಹ ಚಿತ್ರ ಪರಿಶೀಲಿಸಿದಾಗ ಸುಮಾರು 50 ಲಕ್ಷ ಹೆಕ್ಟೇರ್ ಹಸಿರಾಗಿತ್ತು.

ರೈತರ ಹಿಂದೆ ಸರ್ಕಾರಗಳೂ ನಿಧಾನವಾಗಿ ಬಂದವು. 1994ರಲ್ಲಿ ಮರುಭೂಮೀಕರಣ ತಡೆ ಒಪ್ಪಂದವಾಯಿತು. 2007ರಲ್ಲಿ ಆಫ್ರಿಕನ್ ಒಕ್ಕೂಟ 'ಮಹಾ ಹಸಿರು ಗೋಡೆ' ಘೋಷಿಸಿತು. ಮೊದಲು ಮರಗಳ ಸಾಲೆಂದುಕೊಂಡದ್ದು, ಬರಬರುತ್ತ ಊರೂರಿನ ಹೊಲ, ಗೋಮಾಳಗಳ ಕೆಲಸವಾಯಿತು. 2030ಕ್ಕೆ ಗುರಿ 10 ಕೋಟಿ ಹೆಕ್ಟೇರ್. ಇತ್ತ ರತನ್ ಲಾಲ್ ಅವರಂಥ ವಿಜ್ಞಾನಿಗಳು ಮಣ್ಣು ಇಂಗಾಲವನ್ನು ಹಿಡಿದಿಡುವ ಬಗೆಯನ್ನು ತೋರಿಸಿಕೊಟ್ಟರು. ಮನುಷ್ಯರಿಂದಾಗುವ ಹಸಿರುಮನೆ ಅನಿಲಗಳಲ್ಲಿ ಸುಮಾರು 23% ಕೃಷಿ, ಅರಣ್ಯ ಮತ್ತಿತರ ಭೂಬಳಕೆಯದೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2019ರಲ್ಲಿ ಹೇಳಿತು.

ಈಗ ನೆಲ ಹಿಡಿದಿಡುವ ಇಂಗಾಲದ ಲೆಕ್ಕಕ್ಕೆ ಹಣ ಹರಿಯುತ್ತಿದೆ. ಆದರೆ ಮಣ್ಣು ಹಿಡಿಯುವ ಇಂಗಾಲಕ್ಕೆ ಮಿತಿಯಿದೆ, ನೆಲ ಕೆಟ್ಟರೆ ಅದು ಮತ್ತೆ ಗಾಳಿಗೆ ಸೇರುತ್ತದೆ. ಶ್ರೀಮಂತ ದೇಶಗಳ ಹೊಗೆಗೆ ಇದು ಪರಿಹಾರವಾಗದು. ಆ ಹಣ ಖರ್ಚಾಗುವುದಾದರೆ, ಮರ ಯಾರದು, ನೆಲ ಯಾರದು ಎಂಬುದನ್ನು ರೈತರ ಪರವಾಗಿ ಇತ್ಯರ್ಥ ಮಾಡಿದ ಮೇಲೆ ಖರ್ಚಾಗಲಿ.