ನಾಗಪುರದ ವಾಕ್ಯದಲ್ಲಿ ಸಪ್ತಮಿ ಇರಲಿಲ್ಲ

ಬೆಂಗಳೂರಿನ ದರ್ಶಿನಿಯಲ್ಲಿ ‘ಬೈ ಟೂ ಕಾಫಿ’ ಕೇಳುವವರು ಇಂಗ್ಲಿಷ್ ವ್ಯಾಕರಣದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಕಾಫಿ, ಎರಡು ಲೋಟ, ಅಷ್ಟೇ. ಆದರೆ ಅಲ್ಲಿ ಸದ್ದಿಲ್ಲದೆ ಕನ್ನಡಕ್ಕೆ ಬಂದಿರುವುದು ಇಂಗ್ಲಿಷಿನ ಒಂದು ಪ್ರಿಪೊಸಿಷನ್. ಬಸ್ಸು, ರೈಲು, ಟಿಕೆಟ್‌ನಂಥ ನಾಮಪದಗಳು ಭಾಷೆಯಿಂದ ಭಾಷೆಗೆ ಸುಲಭವಾಗಿ ದಾಟುತ್ತವೆ. ಪ್ರಿಪೊಸಿಷನ್‌ಗಳು ಹಾಗೆ ದಾಟುವುದು ಅಪರೂಪ. ‘ಬೈ’ ಮಾತ್ರ ಬೈಪಾಸ್, ಬೈ ಎಲೆಕ್ಷನ್ ಎಂದು ಬೇರೆ ಪದಗಳ ಬೆನ್ನೇರಿ ಬಂದು ನಮ್ಮಲ್ಲಿ ನೆಲೆಯಾಗಿದೆ. (ಸಹಕಾರ ಸಂಘದ ‘ಬೈಲಾ’ದಲ್ಲಿರುವ ಬೈ ಮೂಲದಲ್ಲಿ ಬೇರೆ ಪದ. ಅದು ‘ಊರು’ ಎಂಬ ಅರ್ಥದ ಸ್ಕ್ಯಾಂಡಿನೇವಿಯನ್ ಪದಕ್ಕೆ ಸಂಬಂಧಿಸಿದ್ದು. ಡರ್ಬಿ, ವ್ಹಿಟ್ಬಿ ಎಂಬ ಊರುಗಳ ಹೆಸರಿನ ಕೊನೆಯಲ್ಲಿರುವುದೂ ಅದೇ.)

ಈ ಸಣ್ಣ ಪದ ಭಾರತದ ಚರಿತ್ರೆಯ ಒಂದು ದೊಡ್ಡ ವಾಕ್ಯದಲ್ಲಿ ಎರಡು ಬಾರಿ ಬರುತ್ತದೆ. ಆ ವಾಕ್ಯ ಅಂಗೀಕಾರವಾದದ್ದು 1920ರ ಡಿಸೆಂಬರ್ ಕೊನೆಯ ವಾರ, ನಾಗಪುರದಲ್ಲಿ.

ಮೊದಲು ಪದದ ಕಥೆ. ಹಳೆಯ ಇಂಗ್ಲಿಷಿನಲ್ಲಿ ‘ಬೈ’ಗೆ ಇದ್ದ ಮುಖ್ಯ ಅರ್ಥ ‘ಹತ್ತಿರ’, ‘ಪಕ್ಕದಲ್ಲಿ’. ಜರ್ಮನಿನ ‘ಬೈ’, ಡಚ್ಚಿನ ‘ಬೈ’ ಇದರ ದಾಯಾದಿಗಳು. ನದಿಯ ಪಕ್ಕದ ಮನೆ ಎನ್ನುವಾಗ, ಪಕ್ಕದಲ್ಲಿ ಸುಮ್ಮನೆ ನಿಂತು ನೋಡುವವನನ್ನು ‘ಬೈಸ್ಟ್ಯಾಂಡರ್’ ಎನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತದೆ. ಒತ್ತಿಲ್ಲದೆ ಉಚ್ಚರಿಸಿದಾಗ ಇದೇ ಪದ ‘ಬಿ’ ಎಂದು ಸವೆದು ಬಿಫೋರ್, ಬಿಹೈಂಡ್, ಬಿಟ್ವೀನ್‌ಗಳಲ್ಲಿ ಸೇರಿಕೊಂಡಿತು.

ಪಕ್ಕದಲ್ಲಿರುವುದು ನಿಧಾನವಾಗಿ ಸಾಧನವಾಯಿತು. ಯಾವ ದಾರಿಯ ಪಕ್ಕದಲ್ಲಿ ಹೋದೆವೋ ಆ ದಾರಿಯ ಮೂಲಕ ಹೋದೆವು. ಆಮೇಲೆ ಅದು ಕರ್ತೃವನ್ನೂ ಸೂಚಿಸತೊಡಗಿತು: ಇಂಥವರಿಂದ ಆದ ಕೆಲಸ. ಕರ್ತೃವಿನ ಕೆಲಸ ಇದರ ಪಾಲಿಗೆ ಬಂದದ್ದು ತಡವಾಗಿ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲೂ ‘ಇಂಥವರಿಂದ’ ಎನ್ನಲು ಎಷ್ಟೋ ಕಡೆ ‘ಬೈ’ ಬದಲು ‘ಆಫ್’ ಇದೆ. ಅಂತೂ ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಪದ ‘ಯಾವುದರಿಂದ’, ‘ಯಾರಿಂದ’ ಎಂಬ ಪ್ರಶ್ನೆಗಳಿಗೆ ಉತ್ತರವಾಯಿತು.

ಇದು ಕನ್ನಡಿಗರಿಗೆ ವಿಚಿತ್ರವಾಗಿ ಕಾಣಬೇಕಿಲ್ಲ. ‘ಸರ್ಕಾರದ ಕಡೆಯಿಂದ ಆದೇಶ ಬಂತು’ ಎನ್ನುವಾಗ ‘ಕಡೆ’ ಎಂದರೆ ಪಕ್ಕವೇ. ಶಾಲೆಯ ವ್ಯಾಕರಣ ಪಂಚಮಿಗೆ ಕಲಿಸುವ ‘ದೆಸೆಯಿಂದ’ದಲ್ಲಿ ‘ದೆಸೆ’ ಎಂದರೆ ದಿಕ್ಕು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತೃತೀಯಾ ವಿಭಕ್ತಿಗೆ ‘ಇಂ’, ಪಂಚಮಿಗೆ ‘ಅತ್ತಣಿಂ’, ಸಪ್ತಮಿಗೆ ‘ಒಳ್’ ಹೇಳುತ್ತಾನೆ. ‘ಅತ್ತಣಿಂ’ ಎಂದರೆ ‘ಆ ಕಡೆಯಿಂದ’. ‘ಒಳ್’ ಎಂದರೆ ‘ಒಳಗೆ’. ಜಾಗದ ಪದಗಳು ಸವೆದು ಸಂಬಂಧದ ಪ್ರತ್ಯಯಗಳಾಗುವುದು ಎರಡೂ ಭಾಷೆಗಳಲ್ಲಿ ನಡೆದಿದೆ.

ಈಗ ನಾಗಪುರ. 1920ರಲ್ಲಿ ಅದು ಸೆಂಟ್ರಲ್ ಪ್ರಾವಿನ್ಸಸ್‌ನ ರಾಜಧಾನಿ. ಅಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನಕ್ಕೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಬಂದಿದ್ದರು. ಅಧ್ಯಕ್ಷರು ಸೇಲಂನ ಸಿ. ವಿಜಯರಾಘವಾಚಾರ್ಯರು. ಅಸಹಕಾರ ಚಳವಳಿಯನ್ನು ದೃಢಪಡಿಸಿದ್ದು ಈ ಅಧಿವೇಶನದ ಪ್ರಸಿದ್ಧ ನಿರ್ಣಯ. ಅದರಷ್ಟೇ ಮುಖ್ಯವಾದ ಇನ್ನೊಂದು ಕೆಲಸ, ಕಾಂಗ್ರೆಸ್ಸಿನ ಗುರಿಯನ್ನು ಹೇಳುವ ವಾಕ್ಯವನ್ನು ಬದಲಿಸಿದ್ದು.

1908ರ ಹಳೆಯ ವಾಕ್ಯ ಉದ್ದವಾಗಿತ್ತು. ಬ್ರಿಟಿಷ್ ಸಾಮ್ರಾಜ್ಯದ ಸ್ವಯಮಾಡಳಿತದ ಸದಸ್ಯ ದೇಶಗಳಿಗೆ ಇರುವಂಥದೇ ಸರ್ಕಾರ ಬೇಕು, ಅದನ್ನು ಸಂವಿಧಾನಬದ್ಧ ಮಾರ್ಗದಿಂದ, ಇರುವ ಆಡಳಿತವನ್ನೇ ಹಂತಹಂತವಾಗಿ ಸುಧಾರಿಸುತ್ತ ಪಡೆಯಬೇಕು ಎಂದು ಅದರ ಸಾರ. ಗಾಂಧೀಜಿ ಮಂಡಿಸಿ, ಲಾಲಾ ಲಜಪತರಾಯ್ ಅನುಮೋದಿಸಿದ ಹೊಸ ವಾಕ್ಯದಲ್ಲಿ ಎರಡು ಡಜನ್ ಪದಗಳೂ ಇರಲಿಲ್ಲ: ಭಾರತದ ಜನರಿಂದ, ನ್ಯಾಯಸಮ್ಮತವೂ ಶಾಂತಿಯುತವೂ ಆದ ಎಲ್ಲ ಮಾರ್ಗಗಳಿಂದ, ಸ್ವರಾಜ್ಯದ ಸಂಪಾದನೆ. ಇಂಗ್ಲಿಷಿನಲ್ಲಿ ಎರಡು ‘ಬೈ’, ಕನ್ನಡದಲ್ಲಿ ಎರಡು ‘ಇಂದ’. ಮೊದಲನೆಯದು ಯಾರಿಂದ ಎಂದು ಹೇಳುತ್ತದೆ, ಎರಡನೆಯದು ಯಾವುದರಿಂದ ಎಂದು.

ಎರಡನೆಯ ‘ಬೈ’ಯ ಮುಂದಿದ್ದ ‘ಸಂವಿಧಾನಬದ್ಧ’ ಎಂಬ ವಿಶೇಷಣ ಹೋಗಿ ‘ನ್ಯಾಯಸಮ್ಮತ, ಶಾಂತಿಯುತ’ ಬಂತು. ಇದು ಬರೀ ಪದ ಬದಲಾವಣೆ ಅಲ್ಲ. ಸಂವಿಧಾನಬದ್ಧ ಮಾರ್ಗ ಯಾವುದೆಂದು ನಿರ್ಧರಿಸುವ ಕಾನೂನು ಆಳುವವರ ಕೈಯಲ್ಲಿತ್ತು. ಕಾನೂನನ್ನು ಶಾಂತಿಯಿಂದ ಮುರಿಯುವ ಸತ್ಯಾಗ್ರಹಿಗೆ ಹಳೆಯ ವಾಕ್ಯದಲ್ಲಿ ಜಾಗವಿರಲಿಲ್ಲ. ಹೊಸದರಲ್ಲಿ ಇತ್ತು.

ಇನ್ನು, ಹೊಸ ವಾಕ್ಯದಲ್ಲಿ ಇಲ್ಲದ್ದು ‘ಎಲ್ಲಿ’ ಎಂಬುದಕ್ಕೆ ಉತ್ತರ. ಸಾಮ್ರಾಜ್ಯದ ಒಳಗೆ ಎಂದೂ ಇಲ್ಲ, ಹೊರಗೆ ಎಂದೂ ಇಲ್ಲ. ಕೇಶಿರಾಜನ ಲೆಕ್ಕದಲ್ಲಿ ಹೇಳುವುದಾದರೆ ‘ಇಂ’ ಎರಡು ಬಾರಿ ಇದೆ, ‘ಒಳ್’ ಕಾಣೆಯಾಗಿದೆ. ಇದು ಮರೆವಿನಿಂದ ಆದದ್ದಲ್ಲ. ಬ್ರಿಟಿಷ್ ಸಂಬಂಧ ಉಳಿಯಬೇಕು ಎನ್ನುವವರಿಗೂ ಅದರಲ್ಲಿ ನಂಬಿಕೆ ಇಲ್ಲದವರಿಗೂ ಈ ವಾಕ್ಯದಲ್ಲಿ ಜಾಗವಿದೆ ಎಂದು ಗಾಂಧೀಜಿ ವಾದಿಸಿದರು. ‘ಸಾಧ್ಯವಾದರೆ ಒಳಗೆ, ಅಗತ್ಯವಾದರೆ ಹೊರಗೆ’ ಎಂಬುದು ಆ ನಿಲುವಿಗೆ ಸಿಕ್ಕಿದ ಸೂತ್ರ.

ಮಹಮ್ಮದ್ ಅಲಿ ಜಿನ್ನಾ ಒಪ್ಪಲಿಲ್ಲ. ಹೇಳದೆ ಬಿಟ್ಟದ್ದು ಸಾಮ್ರಾಜ್ಯದಿಂದ ಹೊರಹೋಗಲು ಬಾಗಿಲು ತೆರೆದಿಡುತ್ತದೆ, ಅದಕ್ಕೆ ಬೇಕಾದ ಸಾಧನವೂ ನಮ್ಮಲ್ಲಿಲ್ಲ ಎಂಬುದು ಅವರ ಆಕ್ಷೇಪ. ಅವರು ‘ಮಿಸ್ಟರ್ ಗಾಂಧಿ’ ಎಂದಾಗ ಸಭೆ ‘ಮಹಾತ್ಮ ಗಾಂಧಿ’ ಎನ್ನಿ ಎಂದು ಕೂಗಿತು. ಆ ಅಧಿವೇಶನದೊಂದಿಗೆ ಜಿನ್ನಾ ಕಾಂಗ್ರೆಸ್ಸಿನಿಂದ ದೂರವಾದರು. ಗದ್ದಲವನ್ನು ಬದಿಗಿಟ್ಟು ನೋಡಿದರೆ ವಾಕ್ಯವನ್ನು ಅವರು ಸರಿಯಾಗಿಯೇ ಓದಿದ್ದರು.

ಬಿಟ್ಟ ಜಾಗ ತುಂಬಲು ಮುಂದೆ ಹಲವು ಜಗಳಗಳಾದವು. 1921ರ ಅಹಮದಾಬಾದ್ ಅಧಿವೇಶನದಲ್ಲಿ ಹಸರತ್ ಮೊಹಾನಿ ಸ್ವರಾಜ್ಯವೆಂದರೆ ಪೂರ್ಣ ಸ್ವಾತಂತ್ರ್ಯ ಎಂದು ಬರೆಯಲು ಕೇಳಿದರು, ವಿರೋಧಿಸಿದವರು ಗಾಂಧೀಜಿಯೇ. 1928ರ ನೆಹರೂ ವರದಿ ಡೊಮಿನಿಯನ್ ಸ್ಥಾನಮಾನ ಕೇಳಿತು, ಎಂದರೆ ‘ಒಳಗೆ’. 1929ರಲ್ಲಿ ಲಾಹೋರ್ ಅಧಿವೇಶನ ಸ್ವರಾಜ್ಯ ಎಂದರೆ ಪೂರ್ಣ ಸ್ವಾತಂತ್ರ್ಯ ಎಂದು ಘೋಷಿಸಿತು, ಎಂದರೆ ‘ಹೊರಗೆ’. 1949ರ ಏಪ್ರಿಲ್‌ನಲ್ಲಿ ಲಂಡನ್ ಘೋಷಣೆ ಬಂದಾಗ, ಗಣರಾಜ್ಯವಾಗಲಿದ್ದ ಭಾರತ ಕಿರೀಟದ ಹೊರಗೆ, ಕಾಮನ್‌ವೆಲ್ತ್‌ನ ಒಳಗೆ ಎಂದು ತೀರ್ಮಾನವಾಯಿತು.

ಮೊದಲನೆಯ ‘ಬೈ’ ಕಡೆಗೆ ಅಷ್ಟು ಗಮನ ಹೋಗುವುದಿಲ್ಲ. ‘ಜನರಿಂದ’ ಎಂಬುದು 1908ರ ವಾಕ್ಯದಲ್ಲೂ ಇತ್ತು. ಆದರೆ ಅಲ್ಲಿ ಅದು ಅಲಂಕಾರವಾಗಿತ್ತು. ನಾಗಪುರದ ನಿಯಮಾವಳಿ ಅದಕ್ಕೆ ಮೈ ಕೊಟ್ಟಿತು. ವರ್ಷಕ್ಕೆ ನಾಲ್ಕಾಣೆ ಕೊಟ್ಟವರು ಸದಸ್ಯರಾಗಬಹುದಿತ್ತು. ಕಾಂಗ್ರೆಸ್ ಪ್ರಾಂತಗಳನ್ನು ಬ್ರಿಟಿಷ್ ಗಡಿಗಳ ಬದಲು ಭಾಷೆಯ ಆಧಾರದ ಮೇಲೆ ಮರುವಿಂಗಡಿಸಲಾಯಿತು. ಸೆಂಟ್ರಲ್ ಪ್ರಾವಿನ್ಸಸ್ಸೇ ಎರಡಾಯಿತು: ನಾಗಪುರ ಮರಾಠಿಗೆ, ಜಬಲ್ಪುರ ಹಿಂದೂಸ್ತಾನಿಗೆ. ಜನರಿಂದ ಕೆಲಸ ಆಗಬೇಕಾದರೆ ಸಭೆ ಜನರ ಭಾಷೆಯಲ್ಲಿ ನಡೆಯಬೇಕಲ್ಲ?

ಕನ್ನಡಿಗರಿಗೆ ಇದು ಸಣ್ಣ ವಿಷಯವಾಗಿರಲಿಲ್ಲ. ಆಗ ಕನ್ನಡ ನಾಡು ಮುಂಬಯಿ, ಮದರಾಸು, ಹೈದರಾಬಾದ್, ಮೈಸೂರು, ಕೊಡಗುಗಳ ನಡುವೆ ಹಂಚಿಹೋಗಿತ್ತು. ಅದೇ ವರ್ಷ ಮೈಸೂರಿನ ಮಾಜಿ ದಿವಾನ ವಿ.ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಧಾರವಾಡದಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸೇರಿತ್ತು. ಅಲ್ಲಿನ ಉತ್ಸಾಹದಿಂದ ನೂರಾರು ಕನ್ನಡಿಗರು ನಾಗಪುರಕ್ಕೆ ಹೋದರು. ಸರ್ಕಾರದ ನಕ್ಷೆಯಲ್ಲಿಲ್ಲದ ‘ಕರ್ನಾಟಕ’ ಕಾಂಗ್ರೆಸ್ಸಿನ ಪ್ರಾಂತವಾಗಿ ಹೊರಬಂತು. ನಾಲ್ಕು ವರ್ಷಗಳಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಏಕೈಕ ಅಧಿವೇಶನ ನಡೆಯಿತು. 1956ರ ನವೆಂಬರ್ 1ರಂದು ಏಕೀಕರಣವಾಯಿತು. ಅದೇ ದಿನ, ಅದೇ ಭಾಷಾವಾರು ವಿಂಗಡಣೆಯಲ್ಲಿ, ನಾಗಪುರ ಮಧ್ಯಪ್ರದೇಶದ ರಾಜಧಾನಿ ಎಂಬ ಪಟ್ಟ ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು.

ನಾಗಪುರದ ವಾಕ್ಯವನ್ನು ಇಂಗ್ಲಿಷಿನ ಜಾಡಿನಲ್ಲೇ ಅನುವಾದಿಸಿದರೆ ‘ಜನರಿಂದ ಸ್ವರಾಜ್ಯದ ಸಂಪಾದನೆ’ ಎಂದಾಗುತ್ತದೆ. ತಪ್ಪಲ್ಲ, ಆದರೆ ಕನ್ನಡದ ಕಿವಿಗೆ ತುಸು ಒರಟು. ಕನ್ನಡದಲ್ಲಿ ಯೋಚಿಸುವವರು ‘ಜನರು ಸ್ವರಾಜ್ಯ ಪಡೆಯುವುದು’ ಎನ್ನುತ್ತಾರೆ. ಆಗ ‘ಬೈ’ಗೆ ಕೆಲಸವಿಲ್ಲ, ತೃತೀಯೆಯೂ ಬೇಡ. ಜನರು ಪ್ರಥಮಾ ವಿಭಕ್ತಿಗೆ ಬಂದು ವಾಕ್ಯದ ಮೊದಲಲ್ಲೇ ನಿಲ್ಲುತ್ತಾರೆ.