ಹಕ್ಕಿಗಳ ಪರವಾಗಿ ನುಡಿದ ಸ್ತ್ರೀ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬಲ್ಲಿ 1907ರಲ್ಲಿ ಜನಿಸಿದ ರೇಚೆಲ್ ಕಾರ್ಸನ್ ಅವರಿಗೆ ಮೊದಲ ಗುರು ತಾಯಿಯೇ. ಮಗಳನ್ನು ಹೊಲ, ಕಾಡುಗಳಲ್ಲಿ ಸುತ್ತಾಡಿಸಿ ಹಕ್ಕಿ, ಹುಳುಗಳ ಪರಿಚಯ ಮಾಡಿಸಿದವರು ಅವರು. ಲೇಖಕಿಯಾಗಬೇಕೆಂದು ಕಾಲೇಜು ಸೇರಿದ ರೇಚೆಲ್ ಜೀವಶಾಸ್ತ್ರಕ್ಕೆ ಮನಸೋತು, 1932ರಲ್ಲಿ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದರು. ತಂದೆ ತೀರಿದ ಮೇಲೆ ಮನೆಯ ಭಾರ ಹೊತ್ತು ಸರ್ಕಾರದ ಮೀನುಗಾರಿಕಾ ಇಲಾಖೆಯಲ್ಲಿ ದುಡಿದರು. 1951ರಲ್ಲಿ ಕಡಲನ್ನು ಕುರಿತು ಬರೆದ ಗ್ರಂಥವು ಅವರಿಗೆ ಕೀರ್ತಿ ತಂದಿತು.

ಆ ಕಾಲದಲ್ಲಿ ಎಲ್ಮ್ ಮರಗಳಿಗೆ ರೋಗ ಹರಡುವ ಜೀರುಂಡೆಗಳನ್ನು ಕೊಲ್ಲಲು ಡಿ.ಡಿ.ಟಿ. ಸಿಂಪಡಿಸುತ್ತಿದ್ದರು. ಉದುರಿದ ಎಲೆಯನ್ನು ಎರೆಹುಳು ತಿಂದಿತು. ಎರೆಹುಳುವನ್ನು ತಿಂದ ರಾಬಿನ್ ಹಕ್ಕಿ ಸತ್ತಿತು. ಇಂತಹ ಸಾಕ್ಷ್ಯಗಳನ್ನು ನಾಲ್ಕು ವರ್ಷ ಕಲೆಹಾಕಿ, 1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಪ್ರಕಟಿಸಿದರು. ರಾಸಾಯನಿಕ ಉದ್ಯಮದವರು ಅವರನ್ನು ಹೀಯಾಳಿಸಿದರು. ಕೀಟನಾಶಕವೇ ಬೇಡವೆಂದು ಅವರು ಹೇಳಿರಲಿಲ್ಲ. ವಿವೇಚನೆಯಿಲ್ಲದ ಬಳಕೆ ಸಲ್ಲದೆಂದಿದ್ದರು.

ಸ್ತನ ಕ್ಯಾನ್ಸರ್ ಅವರನ್ನು ಕಾಡುತ್ತಿತ್ತು. ವಿರೋಧಿಗಳು ಅದನ್ನೇ ಅಸ್ತ್ರವಾಗಿಸಿಕೊಂಡಾರೆಂದು ಮರೆಮಾಚಿ, 1963ರಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿದರು. 1964ರ ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ ನಿಧನರಾದರು. ಅಮೆರಿಕವು ಡಿ.ಡಿ.ಟಿ.ಯ ಕೃಷಿ ಬಳಕೆಯನ್ನು ನಿಷೇಧಿಸಿದ್ದು 1972ರಲ್ಲಿ. ಅದನ್ನು ಕಾಣಲು ಅವರಿರಲಿಲ್ಲ. ಬಿತ್ತಿದವರೊಬ್ಬರು, ಕೊಯ್ದವರು ಇನ್ನೊಬ್ಬರು.

ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದು ಅದನ್ನು ಉಳಲು ಮಾತ್ರವಲ್ಲ, ಕಾಯಲು ಸಹ ಎಂದು ಆದಿಕಾಂಡ ತಿಳಿಸುತ್ತದೆ. ತಂದೆತಾಯಂದಿರೇ, ರೇಚೆಲರ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳಿರಿ. ಅವರ ತಾಯಿ ಮಾಡಿದಂತೆ, ಒಂದು ಸಂಜೆಯಾದರೂ ಮಕ್ಕಳನ್ನು ಹಕ್ಕಿಗಳ ದನಿ ಆಲಿಸಲು ಕರೆದೊಯ್ಯಿರಿ. ಪ್ರೀತಿಸಲು ಕಲಿತದ್ದನ್ನು ಮಾತ್ರವೇ ಮಕ್ಕಳು ನಾಳೆ ಕಾಯಬಲ್ಲರು.